ನಲವತ್ತೊಂದರಲ್ಲಿ ವೇಷ ಹಾಕಿಕೊಂಡು ಪಬ್ಬಿಗೆ ಹೋಗಬಹುದೆ?

ಪ್ರಶ್ನೆ: ನನಗೀಗ 41. ಊರು ದಾವಣಗೆರೆ. ಹದಿನೇಳು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಟೀಮಿನಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಇಪ್ಪತ್ತೈದು, ಇಪ್ಪತ್ತೆಂಟರವರು. ಎರಡು ಮೂರು ತಿಂಗಳಿಗೊಮ್ಮೆ ಇಂದಿರಾನಗರದ ಯಾವುದಾದರೂ ಪಬ್ಬಿಗೆ ಥೀಮ್ ಪಾರ್ಟಿ ಅಂತ ಹೋಗುತ್ತಾರೆ. ಒಮ್ಮೆ ಹ್ಯಾಲೋವೀನ್, ಒಮ್ಮೆ ಹುಡುಗ ಹುಡುಗಿಯೇ ಇಲ್ಲದ ಸುಳ್ಳು ಮದುವೆ. ಈ ಸಲ ರೆಟ್ರೋ ನೈಟ್, ‘ನೀವೂ ಬರಲೇಬೇಕು ಮೇಡಂ’ ಅಂತ ಹಟ ಹಿಡಿದಿದ್ದಾರೆ. ನಮ್ಮ ಯಜಮಾನರು ‘ಮಗಳನ್ನ ಛದ್ಮವೇಷಕ್ಕೆ ಕಳಿಸೋ ವಯಸ್ಸಲ್ಲಿ ನೀನೇ ಹೊರಟೆಯಾ’ ಅಂತ ನಗುತ್ತಾರೆ. ಬೇಡ ಅನ್ನುವುದಿಲ್ಲ, ನಗುತ್ತಾರೆ ಅಷ್ಟೆ. ದುಡ್ಡು ಕೊಟ್ಟು, ವೇಷ ಹಾಕಿಕೊಂಡು, ಆ ಗದ್ದಲದಲ್ಲಿ ನಿಲ್ಲುವುದರಲ್ಲಿ ದೊಡ್ಡವರಿಗೆ ಏನು ಸುಖ? ಹೋದರೆ ಜೂನಿಯರ್‌ಗಳ ಎದುರು ಮರ್ಯಾದೆ ಉಳಿಯುತ್ತದಾ? ಹೋಗುವುದೇ ಆದರೆ ಏನು ಹಾಕಿಕೊಳ್ಳಲಿ?
ಓದುಗರು, ಬೆಂಗಳೂರು

ಉತ್ತರ: ಮೊದಲು ನಿಮ್ಮ ಯಜಮಾನರ ನಗುವಿಗೇ ಬರುತ್ತೇನೆ. ನಾಟಕಕ್ಕೆ, ನೃತ್ಯಕ್ಕೆ ಉಡುಪು ಹೊಲಿಸಿ ಬಾಡಿಗೆಗೆ ಕೊಡುವುದು ನನ್ನ ಕಸುಬು, ಇಪ್ಪತ್ತಾರು ವರ್ಷವಾಯಿತು. ಆಗಸ್ಟಿನಲ್ಲಿ ಗಾಂಧಿ, ಅಷ್ಟಮಿಗೆ ಕೃಷ್ಣ, ನವೆಂಬರಿನಲ್ಲಿ ಒನಕೆ ಓಬವ್ವ. ಅಳುತ್ತ ನಿಂತ ಗಾಂಧಿಗಳನ್ನು, ವೇದಿಕೆಯ ಮೇಲೇ ಒಂದು ಮಾಡಿಕೊಂಡ ಕೃಷ್ಣಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಶಾಲೆಯ ಛದ್ಮವೇಷದಲ್ಲಿ ಒಂದು ಮಗು ವೇಷದಲ್ಲಿರುತ್ತದೆ, ಎದುರಿಗೆ ಕೂತ ಇನ್ನೂರು ಜನ ಮಾಮೂಲಿ ಬಟ್ಟೆಯಲ್ಲಿ. ಸಾಲದ್ದಕ್ಕೆ ಮೂವರು ತೀರ್ಪುಗಾರರು. ಅದು ಪರೀಕ್ಷೆ. ಪಬ್ಬಿನ ಪಾರ್ಟಿಯಲ್ಲಿ ಲೆಕ್ಕ ತಲೆಕೆಳಗು: ಇನ್ನೂರು ಜನವೂ ವೇಷದಲ್ಲಿ. ಆಫೀಸಿನಿಂದ ನೇರ ಬಂದೆ ಅಂತ ಫಾರ್ಮಲ್ ಷರ್ಟಿನಲ್ಲಿ ನಿಂತವನೇ ಅಲ್ಲಿ ಬರಿಮೈಯಲ್ಲಿ ನಿಂತವನ ಹಾಗೆ ಮುದುಡಿಕೊಳ್ಳುತ್ತಾನೆ. ಹಾಗೆ ಬಂದ ಎಷ್ಟೋ ಮಂದಿ ಅರ್ಧ ಗಂಟೆಯೊಳಗೆ ಯಾರದೋ ಟೊಪ್ಪಿ ಇಸಕೊಂಡು ತಲೆಗೆ ಹಾಕಿಕೊಂಡದ್ದನ್ನು ಕಂಡಿದ್ದೇನೆ. ನಾಚಿಕೆಗೆ ಕಾರಣ ವೇಷವಲ್ಲ, ಒಬ್ಬರೇ ವೇಷದಲ್ಲಿರುವುದು.

ಇದನ್ನು ನಾನು ಕಲಿತದ್ದು ಪಬ್ಬಿನಲ್ಲಲ್ಲ. ನನ್ನೂರು ಶಿರಸಿ ಕಡೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ; ಜಾತ್ರೆ ಇಲ್ಲದ ವರ್ಷ ಹೋಳಿಯ ಆಸುಪಾಸಿನ ರಾತ್ರಿಗಳಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ, ಮೈಗೆ ಕೆಂಪು ಬಟ್ಟೆ, ಮುಖದ ತುಂಬ ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದಿರುತ್ತಾರೆ. ತಮಟೆಯ ಏಟು ಏರಿದ ಹಾಗೆ ಬೇಡ ಜನರ ಮೇಲೆ ನುಗ್ಗಿ ಬರುತ್ತಾನೆ, ಹಗ್ಗದವರು ಜಗ್ಗಿ ನಿಲ್ಲಿಸುತ್ತಾರೆ, ಜನ ಕೂಗುತ್ತ ಹಿಂದೆ ಸರಿಯುತ್ತಾರೆ, ಮತ್ತೆ ಮುಂದೆ ಬರುತ್ತಾರೆ. ನಮ್ಮ ಕೇರಿಯ ಕಿರಾಣಿ ಅಂಗಡಿಯವರೊಬ್ಬರು ಒಂದು ವರ್ಷ ಈ ವೇಷ ಕಟ್ಟಿದ್ದರು. ಗಿರಾಕಿ ಬೈದರೂ ತಲೆ ಎತ್ತದ ಮನುಷ್ಯ. ಆ ರಾತ್ರಿ ನಾಲ್ಕು ರಸ್ತೆ ಕೂಡುವಲ್ಲಿ ಅವರ ಕುಣಿತಕ್ಕೆ ಹಗ್ಗದವರಿಬ್ಬರ ಕಾಲೂ ನೆಲಬಿಟ್ಟು ಜಾರುತ್ತಿದ್ದವು. ಮರುದಿನ ಬೆಳಿಗ್ಗೆ ನಾನೂ ಅಮ್ಮನೂ ಬೆಲ್ಲಕ್ಕೆ ಹೋದಾಗ ಅದೇ ಮನುಷ್ಯ ತಕ್ಕಡಿ ಹಿಡಿದು, ಅಚ್ಚಿನ ಅಂಚು ಒಡೆದು, ತೂಕ ಸರಿಮಾಡುತ್ತಿದ್ದರು. ಕಿವಿಯ ಹಿಂದೆ ಕೆಂಪು ಬಣ್ಣ ಹಾಗೇ ಉಳಿದಿತ್ತು. ಅಮ್ಮ ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಅವರೂ ಅನ್ನಲಿಲ್ಲ.

ವೇಷದೊಳಗೆ ಇದ್ದವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು ಅನ್ನುವುದನ್ನು ಗಮನಿಸಿ. ಅವರು ಅಡಗಿಕೊಂಡಿರಲಿಲ್ಲ. ಇವತ್ತು ರಾತ್ರಿ ನಿನಗೆ ಬಿಟ್ಟಿದೆ, ಬೆಳಗಾದ ಮೇಲೆ ಇದರ ಲೆಕ್ಕ ಕೇಳುವುದಿಲ್ಲ ಅಂತ ಊರೇ ಅವರಿಗೆ ಬಿಟ್ಟುಕೊಟ್ಟಿತ್ತು. ಹದ್ದು ಮೀರದಂತೆ ಹಗ್ಗವನ್ನೂ ಊರೇ ಹಿಡಿದಿತ್ತು. ಥೀಮ್ ಪಾರ್ಟಿಯ ಸೆಳೆತ ಏನು ಅಂತ ಕೇಳಿದಿರಲ್ಲ, ನನ್ನ ಕಣ್ಣಿಗೆ ಕಂಡದ್ದು ಇಷ್ಟೆ: ಗಡುವು ಇರುವ ಸಲಿಗೆ, ಮತ್ತು ಹಿಂದೆ ಒಂದು ಹಗ್ಗ.

ಮುಖವಾಡದ ಊರು ಅಂದರೆ ವೆನಿಸ್. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಮುಖವಾಡ ಒಂದೆರಡು ದಿನದ ಹಬ್ಬದ ಮಾತಾಗಿರಲಿಲ್ಲ, ವರ್ಷದಲ್ಲಿ ತಿಂಗಳುಗಟ್ಟಲೆ ಹಾಕಿಕೊಂಡು ತಿರುಗುತ್ತಿದ್ದರು. ಸರ್ಕಾರವೇ 1638ರಲ್ಲಿ ತೆರೆದ ರಿದೊತ್ತೋ ಎಂಬ ಜೂಜುಮನೆಗೆ ಆಡಲು ಬರುವವರು ಮುಖವಾಡದಲ್ಲೇ ಬರಬೇಕಿತ್ತು. 1774ರಲ್ಲಿ ಮುಚ್ಚುವವರೆಗೂ ಹಾಗೇ ನಡೆಯಿತು. ಅವರು ಹೆಚ್ಚಾಗಿ ತೊಡುತ್ತಿದ್ದ ಬೌತಾ ಎಂಬ ವೇಷವನ್ನು ಕಸುಬಿನವರ ಕಣ್ಣಿಂದ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಬಿಳಿ ಮುಖವಾಡದ ಕೆಳಭಾಗ ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿ, ಗಲ್ಲದ ಹತ್ತಿರ ಖಾಲಿ ಜಾಗ ಬಿಟ್ಟಿರುತ್ತದೆ. ಮುಖವಾಡ ತೆಗೆಯದೆ ತಿನ್ನಬಹುದು, ಕುಡಿಯಬಹುದು, ಮಾತಾಡಬಹುದು. ದನಿಯೂ ಚೂರು ಬದಲಾಗುತ್ತದೆ. ಅದನ್ನು ಹಾಕಿಕೊಂಡವರು ಶ್ರೀಮಂತರಿರಲಿ, ಬಟ್ಟೆ ಅಂಗಡಿಯವರಿರಲಿ, ಬೀದಿಯಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ: ‘ಸಿಯೊರಾ ಮಾಸ್ಕೆರಾ’, ಮುಖವಾಡದವರೇ ಅಂತ. ನಮ್ಮಲ್ಲಿ ಪರಿಚಯವಾದ ಐದು ನಿಮಿಷಕ್ಕೆ ‘ಯಾವೂರು, ಯಾರ ಪೈಕಿ’ ಅಂತ ಕೇಳುತ್ತೇವಲ್ಲ, ಆ ಪ್ರಶ್ನೆಗೇ ಅಲ್ಲಿ ರಜೆ.

ಹಬ್ಬದ ಈ ಸಲಿಗೆಯನ್ನು ಟಿಕೆಟ್ಟಿಗೆ ಇಳಿಸಿದವರು ಲಂಡನ್ನಿನವರು. 1710ರ ದಶಕದ ಕೊನೆಗೆ ಹೈಡೆಗ್ಗರ್ ಎಂಬ ಸ್ವಿಸ್ ಮೂಲದವನೊಬ್ಬ ಹೇಮಾರ್ಕೆಟ್ಟಿನ ನಾಟಕಶಾಲೆಯಲ್ಲಿ ಮಾಸ್ಕರೇಡ್ ಎಂಬ ಮುಖವಾಡದ ರಾತ್ರಿಗಳನ್ನು ನಡೆಸತೊಡಗಿದ. ಕುಲ ಕೇಳುತ್ತಿರಲಿಲ್ಲ, ಟಿಕೆಟ್ ಇದ್ದರೆ, ವೇಷ ಇದ್ದರೆ ಒಳಗೆ. 1724ರಲ್ಲಿ ಲಂಡನ್ನಿನ ಬಿಷಪ್ಪರು ಇದರ ವಿರುದ್ಧ ಉಪದೇಶ ಕೊಟ್ಟರು, ಜನ ಹೋಗುವುದನ್ನೇನೂ ನಿಲ್ಲಿಸಲಿಲ್ಲ. ಆ ರಾತ್ರಿಗಳಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದ ರೀತಿ ನನಗೆ ಬಲು ಇಷ್ಟ. ದನಿ ಬದಲಿಸಿಕೊಂಡು ‘ನನ್ನ ಗುರುತು ಸಿಕ್ಕಿತಾ?’ ಅಂತ ಒಬ್ಬರು. ‘ಓ, ನಿನ್ನ ಗುರುತು ಸಿಕ್ಕಿತು’ ಅಂತ ಇನ್ನೊಬ್ಬರು. ಸಿಕ್ಕಿರುವುದಿಲ್ಲ. ಆದರೆ ಮಾತು ಶುರುವಾಯಿತಲ್ಲ!

ಇಂದಿರಾನಗರದ ಪಬ್ಬಿನಲ್ಲೂ ನಡೆಯುವುದು ಇದೇ. ಮಾಮೂಲಿ ಶುಕ್ರವಾರ ಅಲ್ಲಿ ಹೋಗಿ ನೋಡಿ. ನಾಲ್ಕು ನಾಲ್ಕು ಜನರ ಗುಂಪುಗಳು, ತಂತಮ್ಮ ಟೇಬಲ್ಲು, ತಂತಮ್ಮ ಫೋನು. ಪಕ್ಕದ ಟೇಬಲ್ಲಿನವರನ್ನು ಮಾತಾಡಿಸುವುದಕ್ಕೆ ಕಾರಣ ಬೇಕು, ಕಾರಣವಿಲ್ಲದೆ ಮಾತಾಡಿಸಿದರೆ ಅನುಮಾನ. ಹೆಂಗಸರಿಗಂತೂ ಅದು ಕಿರಿಕಿರಿ. ವೇಷವಿದ್ದ ರಾತ್ರಿ ಕಾರಣ ಮೈಮೇಲೇ ನೇತಾಡುತ್ತಿರುತ್ತದೆ. ‘ಈ ಕನ್ನಡಕ ಎಲ್ಲಿ ಸಿಕ್ತು?’ ಅನ್ನುವುದು ಯಾರನ್ನು ಬೇಕಾದರೂ ಕೇಳಬಹುದಾದ, ಯಾರೂ ತಪ್ಪು ತಿಳಿಯದ ಮಾತು. ಎರಡು ನಿಮಿಷ ಮಾತಾಡಿ ಇಬ್ಬರೂ ಅವರವರ ಟೇಬಲ್ಲಿಗೆ ಹೋಗಬಹುದು. ಹೊರಗಿನಿಂದ ಬಂದು ನೆಲೆಸಿದವರೇ ಇಷ್ಟೊಂದಿರುವ ಊರಿನಲ್ಲಿ ಈ ಎರಡು ನಿಮಿಷಕ್ಕೆ ಬೆಲೆ ಇದೆ.

ಇನ್ನೊಂದು ಲಾಭ ಬೆಂಗಳೂರಿನವರಿಗೇ ಅರ್ಥವಾಗುವಂಥದ್ದು. ನಿಮ್ಮ ಟೀಮಿನಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಎಲ್ಲ ಇರಬೇಕು. ಡಿಜೆ ಯಾವ ಹಾಡು ಹಾಕಿದರೂ ಮೂರು ಟೇಬಲ್ಲು ಎದ್ದು ಕುಣಿಯುತ್ತವೆ, ಏಳು ಟೇಬಲ್ಲು ಮುಖ ಗಂಟಿಕ್ಕುತ್ತವೆ. ‘ಕನ್ನಡ ಹಾಡು ಹಾಕಿ’ ಅನ್ನುವ ಚೀಟಿ, ಅದರ ಹಿಂದೆ ಜಗಳ, ಇದೆಲ್ಲ ನಿಮಗೆ ಗೊತ್ತೇ ಇದೆ. ಥೀಮ್ ಅನ್ನುವುದು ಈ ಜಗಳವನ್ನು ಬಾಗಿಲಲ್ಲೇ ತೀರ್ಮಾನಿಸಿಬಿಡುತ್ತದೆ. ರೆಟ್ರೋ ಅಂದ ಮೇಲೆ ಹಳೇ ಹಾಡು, ಯಾವ ಭಾಷೆಯದಾದರೂ ಸೈ. ಹಳೆಯ ಹಾಡಿಗೆ ಇನ್ನೊಂದು ಗುಣ: ಬೇರೆ ಭಾಷೆಯದಾದರೂ ಅಪ್ಪನ ರೇಡಿಯೋದಲ್ಲಿ ಕೇಳಿದ್ದು ಅನ್ನಿಸುತ್ತದೆ.

ಪಬ್ಬಿನವರು ಇದನ್ನು ಯಾಕೆ ಮಾಡುತ್ತಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟೇನಿಲ್ಲ. ಶನಿವಾರ ಹೇಗಿದ್ದರೂ ತುಂಬುತ್ತದೆ. ಮಂಗಳವಾರ, ಬುಧವಾರ ಬಾಡಿಗೆ, ಸಂಬಳ, ಕರೆಂಟು ಅಷ್ಟೇ, ಕುರ್ಚಿ ಖಾಲಿ. ಖಾಲಿ ಕುರ್ಚಿಗೆ ಜನ ತರಲು ಥೀಮ್. ಲಂಡನ್ನಿನಲ್ಲಿ 1978ರ ಕೊನೆಗೆ ಸ್ಟೀವ್ ಸ್ಟ್ರೇಂಜ್, ರಸ್ಟಿ ಈಗನ್ ಎಂಬ ಇಬ್ಬರು ಹುಡುಗರು ಸೋಹೋದ ಒಂದು ಕ್ಲಬ್ಬಿನಲ್ಲಿ ರಾತ್ರಿ ಶುರುಮಾಡಿದ್ದು ಇಂಥ ಮಂಗಳವಾರಗಳಂದೇ. 1979ರಲ್ಲಿ ಅದು ಕೋವೆಂಟ್ ಗಾರ್ಡನ್ನಿನ ಬ್ಲಿಟ್ಸ್ ಎಂಬ ವೈನ್ ಬಾರಿಗೆ ಹೋಯಿತು, ಮಂಗಳವಾರ ಮಾತ್ರ ಬದಲಾಗಲಿಲ್ಲ. ಬಾಗಿಲಲ್ಲಿ ಸ್ಟ್ರೇಂಜ್ ತಾನೇ ನಿಂತು ನೋಡುತ್ತಿದ್ದ: ತಲೆಯಿಂದ ಕಾಲಿನವರೆಗೆ ಶ್ರದ್ಧೆಯಿಂದ ಅಲಂಕರಿಸಿಕೊಂಡವರು ಒಳಗೆ, ಸುಮ್ಮನೆ ಬಂದವರು ಹೊರಗೆ. ಕೈಯಲ್ಲಿ ಕಾಸಿಲ್ಲದ ಕಲಾಶಾಲೆ ಹುಡುಗರು ಹಳೇ ಬಟ್ಟೆ ಅಂಗಡಿ, ನಾಟಕದ ಸಾಮಾನು ಜಾಲಾಡಿ ಉಡುಪು ಕಟ್ಟಿಕೊಂಡು ಬರುತ್ತಿದ್ದರು. ಆ ಮಂಗಳವಾರಗಳಲ್ಲಿ ಕೋಟು ಇಟ್ಟುಕೊಳ್ಳುವ ಕೆಲಸಕ್ಕಿದ್ದ ಹುಡುಗನೊಬ್ಬ ಕೆಲವೇ ವರ್ಷಗಳಲ್ಲಿ ಬಾಯ್ ಜಾರ್ಜ್ ಎಂಬ ಹಾಡುಗಾರನಾಗಿ ಲೋಕಕ್ಕೆಲ್ಲ ಗೊತ್ತಾದ. ದುಬಾರಿ ಬಟ್ಟೆಗೆ ಅಲ್ಲಿ ಬೆಲೆ ಇರಲಿಲ್ಲ, ಪಟ್ಟ ಪಾಡಿಗೆ ಇತ್ತು.

ನ್ಯೂಯಾರ್ಕಿನಲ್ಲಿ ಲೇಖಕ ಟ್ರೂಮನ್ ಕಪೋಟಿ 1966ರ ನವೆಂಬರ್ 28ರಂದು ಪ್ಲಾಜಾ ಹೋಟೆಲಿನಲ್ಲಿ ಕೊಟ್ಟ ಕಪ್ಪು ಬಿಳುಪಿನ ಮುಖವಾಡದ ಪಾರ್ಟಿಯೂ ಹಾಗೇ. ಬಂದವರು ಐನೂರಕ್ಕೂ ಹೆಚ್ಚು, ಬಹುಪಾಲು ಭಾರಿ ಕುಳಗಳು. ಕೆಲವು ಹೆಂಗಸರು ಮುಖವಾಡಕ್ಕೇ ನೂರಾರು ಡಾಲರ್ ಸುರಿದಿದ್ದರು. ಆತಿಥೇಯ ಮಾತ್ರ ಆಟಿಕೆ ಅಂಗಡಿಯಲ್ಲಿ 39 ಸೆಂಟಿಗೆ ಕೊಂಡ ಮುಖವಾಡದಲ್ಲಿ ನಿಂತಿದ್ದ. ನನ್ನ ಅಂಗಡಿಗೆ ಬಂದು ‘ಎಲ್ಲಕ್ಕಿಂತ ಕಾಸ್ಟ್ಲಿ ಯಾವುದು’ ಅಂತ ಕೇಳುವವರಿಗೆ ಈ ಕತೆ ಹೇಳುತ್ತೇನೆ. ಬಾಡಿಗೆ ನಷ್ಟ, ಆದರೂ ಹೇಳುತ್ತೇನೆ.

ಸುಳ್ಳು ಮದುವೆಯ ಬಗ್ಗೆ ನೀವು ಮೂಗು ಮುರಿದಂತಿದೆ. ನಾನೂ ಮೊದಲು ಮುರಿದಿದ್ದೆ. 2025ರಲ್ಲಿ ದೆಹಲಿ, ಬೆಂಗಳೂರು, ಪುಣೆಗಳಲ್ಲಿ ಇದರ ಹುಚ್ಚು ಹಬ್ಬಿತು: ಹೂವಿನ ಮಂಟಪ, ಡೋಲು, ಮೆಹಂದಿ, ಊಟ ಎಲ್ಲ ಉಂಟು, ಮುಹೂರ್ತವೂ ಇಲ್ಲ, ವಧೂವರರೂ ಇಲ್ಲ. ಅಂಥದ್ದಕ್ಕೆ ಶೇರ್ವಾನಿ ಬಾಡಿಗೆಗೆ ಒಯ್ದ ಹುಡುಗನೊಬ್ಬನನ್ನು ‘ಇದೆಂಥ ಮದುವೆ ಮಾರಾಯಾ’ ಅಂತ ಕೇಳಿದೆ. ‘ಅಂಕಲ್‌ಗಳು ಇರಲ್ಲ, ನಿಂದ್ಯಾವಾಗ ಅಂತ ಯಾರೂ ಕೇಳಲ್ಲ, ಕುಣೀಬಹುದು’ ಅಂದ. ನಮ್ಮ ಮದುವೆಗಳಲ್ಲಿ ಕುಣಿಯಬೇಕಾದ ವಯಸ್ಸಿನವರೇ ಎಲೆ ಹಾಕುತ್ತ, ಕಾರು ಪಾರ್ಕ್ ಮಾಡಿಸುತ್ತ, ಉಡುಗೊರೆ ಕವರು ಎಣಿಸುತ್ತ ಇರುತ್ತಾರೆ ಅನ್ನುವುದು ಆಮೇಲೆ ಹೊಳೆಯಿತು. ಅವನು ಮದುವೆಯನ್ನು ಅಣಕಿಸುತ್ತಿರಲಿಲ್ಲ. ಮದುವೆಯಲ್ಲಿ ತನಗೆ ಸಿಗದೇ ಹೋದ ಪಾಲನ್ನು ಟಿಕೆಟ್ ಕೊಟ್ಟು ತಗೊಂಡಿದ್ದ.

ವೇಷ ಹಾಕಿದರೆ ಜನ ಹದ್ದು ಮೀರುವುದಿಲ್ಲವೆ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ನೇರವಾಗಿಲ್ಲ, ಆದರೆ ‘ಮರ್ಯಾದೆ’ ಅಂದಿರಲ್ಲ, ಅದರೊಳಗೆ ಇದೆ. ಮನಶ್ಶಾಸ್ತ್ರದವರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1976ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಸಿಯಾಟಲಿನಲ್ಲಿ ಹ್ಯಾಲೋವೀನ್ ರಾತ್ರಿ ವೇಷ ಹಾಕಿ ಮಿಠಾಯಿ ಕೇಳಲು ಬಂದ 1,300ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದರು. ಒಂದೇ ತಗೊಳ್ಳಿ ಅಂತ ಹೇಳಿ ಮನೆಯವರು ಒಳಗೆ ಹೋಗುವುದು. ಹೆಸರು, ವಿಳಾಸ ಕೇಳಿಸಿಕೊಂಡ ಮಕ್ಕಳಿಗಿಂತ ಹೆಸರು ಕೇಳದೆ ಬಿಟ್ಟ ಮಕ್ಕಳು, ಅದರಲ್ಲೂ ಗುಂಪಿನಲ್ಲಿ ಬಂದವರು, ಹೆಚ್ಚು ಬಾಚಿಕೊಂಡರು. ಅಲ್ಲಿಗೆ ವೇಷ ಹಾಕಿದವ ಕಳ್ಳ ಅಂತ ತೀರ್ಪು ಬರೆಯಬಹುದಿತ್ತು. ಆದರೆ 1979ರಲ್ಲಿ ಜಾನ್ಸನ್ ಮತ್ತು ಡೌನಿಂಗ್ ಎಂಬಿಬ್ಬರು ಇನ್ನೊಂದು ಪ್ರಯೋಗ ಮಾಡಿದರು. ಒಂದಷ್ಟು ಜನರಿಗೆ ಜನಾಂಗದ್ವೇಷಿ ಕೂ ಕ್ಲಕ್ಸ್ ಕ್ಲಾನಿನವರದನ್ನು ಹೋಲುವ ನಿಲುವಂಗಿ, ಇನ್ನೊಂದಷ್ಟು ಜನರಿಗೆ ನರ್ಸಿನ ಉಡುಪು. ಇನ್ನೊಬ್ಬರಿಗೆ ಶಾಕ್ ಕೊಡುವ ಗುಂಡಿ ಕೈಗೆ ಕೊಟ್ಟರು (ಶಾಕ್ ಸುಳ್ಳು, ಗುಂಡಿ ಒತ್ತುವವರಿಗೆ ಗೊತ್ತಿಲ್ಲ). ತಾವು ಯಾರೆಂದು ಗುರುತು ಸಿಗದಂತೆ ಮಾಡಿದಾಗ ನರ್ಸ್ ಉಡುಪಿನವರು ಶಾಕಿನ ಪ್ರಮಾಣವನ್ನು ಇಳಿಸಿದರು. ಮುಖ ಮುಚ್ಚಿದ ಮಾತ್ರಕ್ಕೆ ಮನುಷ್ಯ ಕೆಡುವುದಿಲ್ಲ, ಯಾವ ವೇಷ ತೊಟ್ಟಿದ್ದಾನೋ ಆ ಕಡೆಗೆ ವಾಲುತ್ತಾನೆ. ಬಣ್ಣ ಹಚ್ಚಿದ ಮೇಲೆ ರಾಕ್ಷಸ ಪಾತ್ರಧಾರಿಯ ಗತ್ತೇ ಬೇರೆ, ಸ್ತ್ರೀವೇಷದವರ ಕೂರುವ ರೀತಿಯೇ ಬೇರೆ ಅಂತ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಒಂದು ಗಂಟೆ ಕೂತವರಿಗೆ ಇದು ಗೊತ್ತಿರುವ ಸಂಗತಿ.

ಈಗ ನಿಮ್ಮ ಜೂನಿಯರ್‌ಗಳ ವಿಷಯ. ಕೆಲವು ವರ್ಷದ ಹಿಂದೆ ಒಂದು ಕಂಪನಿಯವರು ಅರಮನೆ ಥೀಮ್ ಅಂತ ನನ್ನ ಹತ್ತಿರ ಅರವತ್ತು ಉಡುಪು ಬಾಡಿಗೆಗೆ ತಗೊಂಡರು. ಪಟ್ಟಿ ಅವರೇ ಕಳಿಸಿದ್ದರು: ದೊಡ್ಡ ಸಾಹೇಬರಿಗೆ ರಾಜ, ಅವರ ಕೆಳಗಿನ ನಾಲ್ವರಿಗೆ ಮಂತ್ರಿ, ಉಳಿದವರಿಗೆ ಸೈನಿಕರು, ದಾಸಿಯರು. ಬಟ್ಟೆ ಸರಿಮಾಡಿಕೊಡಲು ನಾನೂ ಹೋಗಿದ್ದೆ. ರಾಜರು ಕುರ್ಚಿಯಲ್ಲಿ ಕೂತರು, ಸೈನಿಕರು ಗೋಡೆಗೆ ಒರಗಿ ನಿಂತರು, ಹತ್ತು ಗಂಟೆಗೆ ಅರ್ಧ ಹಾಲು ಖಾಲಿ. ಆಫೀಸಿನ ಏಣಿಯನ್ನೇ ತಂದು ಜರಿ ಸುತ್ತಿ ನಿಲ್ಲಿಸಿದರೆ ಯಾರು ಕುಣಿಯುತ್ತಾರೆ? ಮರುವರ್ಷ ಅದೇ ಕಂಪನಿಯಲ್ಲಿ ಯಾರೋ ಜಾಣರು ಚೀಟಿ ಎತ್ತಿಸಿದರಂತೆ. ಸಾಹೇಬರಿಗೆ ಬಂದದ್ದು ರೈಲ್ವೆ ಹಮಾಲಿಯ ಕೆಂಪಂಗಿ. ಅವರು ರಾತ್ರಿಯಿಡೀ ತಲೆಮೇಲೆ ಬ್ಯಾಗು ಹೊತ್ತು ‘ಜಾಗ ಬಿಡಿ, ಜಾಗ ಬಿಡಿ’ ಅಂತ ಓಡಾಡಿದರಂತೆ. ಬಟ್ಟೆ ವಾಪಸ್ ಕೊಡಲು ಬಂದ ಹುಡುಗಿ ಇದನ್ನು ಹೇಳುವಾಗ ಸಾಹೇಬರ ಮೇಲೆ ಅವಳಿಗಿದ್ದ ಗೌರವ ಕಡಿಮೆಯಾದಂತೇನೂ ನನಗೆ ಕಾಣಲಿಲ್ಲ. ಹಾಗಾಗಿ ಹೋಗಿ, ಆದರೆ ಟೀಮಿನ ಎಲ್ಲರಿಗಿಂತ ಮಿಂಚುವ ರಾಣಿಯಾಗಿ ಬೇಡ. ಮತ್ತೆ ಸೋಮವಾರ ಆ ರಾತ್ರಿಯ ಮಾತು ಎತ್ತಬೇಡಿ, ಯಾರು ಎಷ್ಟು ಕುಡಿದರು, ಯಾರು ಯಾರ ಜೊತೆ ಕುಣಿದರು ಅನ್ನುವುದನ್ನಂತೂ ಬೇಡವೇ ಬೇಡ. ಕಿವಿಯ ಹಿಂದೆ ಬಣ್ಣ ಕಂಡರೆ ನನ್ನಮ್ಮನ ಹಾಗೆ ಬೆಲ್ಲ ಇಸಕೊಂಡು ಬನ್ನಿ.

ಏನು ಹಾಕಿಕೊಳ್ಳುವುದು? ರೆಟ್ರೋ ಅಂದರೆ ಯಾವ ಕಾಲ ಅಂತ ಮೊದಲು ಹುಡುಗರನ್ನು ಕೇಳಿ. ನಿಮಗೆ ಅದು ಎಪ್ಪತ್ತರ ದಶಕ ಅನ್ನಿಸಿರಬಹುದು. ಇಪ್ಪತ್ತೈದರವರಿಗೆ 1998ರೂ ರೆಟ್ರೋನೇ. ಈಚೆಗೆ ನನ್ನ ಅಂಗಡಿಗೆ 2000ದ ಸುಮಾರಿನ ಬಟ್ಟೆ ಕೇಳಿಕೊಂಡು ಬರುತ್ತಾರೆ: ಚಿಕ್ಕ ಕುರ್ತಾ, ಅಗಲ ಜೀನ್ಸ್, ಚಿಟ್ಟೆ ಕ್ಲಿಪ್ಪು. ಅಂದರೆ ನೀವು ಕಾಲೇಜಿಗೆ ಹಾಕಿಕೊಂಡು ಹೋದದ್ದೇ ಈಗ ವೇಷ. ಬೇಜಾರಾಗಬೇಡಿ, ಬಾಡಿಗೆ ಉಳಿಯಿತು.

ಎಪ್ಪತ್ತರದೇ ಆದರೆ ನನ್ನ ಅಂಗಡಿಗೂ ಬರಬೇಡಿ, ದಾವಣಗೆರೆಗೆ ಫೋನ್ ಮಾಡಿ. ಅಮ್ಮನದೋ ಅತ್ತೆಯದೋ ಟ್ರಂಕಿನ ತಳದಲ್ಲಿ ನೈಲಾನಿನ ಒಂದು ನೈಲೆಕ್ಸ್ ಸೀರೆ ಇದ್ದೇ ಇರುತ್ತದೆ, ದೊಡ್ಡ ದೊಡ್ಡ ಹೂವಿನದು. ಆ ಬಟ್ಟೆ ಐವತ್ತು ವರ್ಷವಾದರೂ ಹರಿಯುವುದಿಲ್ಲ, ಬಣ್ಣವೂ ಅಷ್ಟಾಗಿ ಬಿಡುವುದಿಲ್ಲ, ನುಸಿಯೂ ತಿನ್ನುವುದಿಲ್ಲ. ಬಾಡಿಗೆಗೆ ಸಿಗುವ ರೆಟ್ರೋ ಉಡುಪಿಗೂ ನಿಜವಾದ ಹಳೆಯ ಬಟ್ಟೆಗೂ ಮಂದ ಬೆಳಕಿನಲ್ಲೂ ವ್ಯತ್ಯಾಸ ತಿಳಿಯುತ್ತದೆ. ಬೆಲ್‌ಬಾಟಮ್ಮನ್ನೇ ತಗೊಳ್ಳಿ. ಈಗ ಹೊಲಿಯುವುದು ಹಿಗ್ಗುವ ಬಟ್ಟೆಯಲ್ಲಿ. ಕೆಳಗಡೆ ಎಷ್ಟೇ ಅಗಲ ಬಿಟ್ಟರೂ ಒದ್ದೆ ಟವಲ್ಲಿನ ಹಾಗೆ ಜೋತುಬೀಳುತ್ತದೆ. ಆಗಿನದು ದಪ್ಪ ಟೆರಿಕಾಟ್. ಮಂಡಿಯಿಂದ ಕೆಳಗೆ ಗಂಟೆಯ ಹಾಗೆ ಬಿರಿದು ನಿಲ್ಲುತ್ತಿತ್ತು, ನೆಲಕ್ಕೆ ಉಜ್ಜಿ ಸವೆಯದಿರಲಿ ಅಂತ ಅಂಚಿಗೆ ಲೋಹದ ಜಿಪ್ಪಿನ ಪಟ್ಟಿ ಹೊಲಿಸುತ್ತಿದ್ದರು. ನಡೆದರೆ ಸಣ್ಣಗೆ ಕರಕರ ಸದ್ದು. ನಾನು ಈಗಿನದಕ್ಕೆ ಅಂಚಿನೊಳಗೆ ಕ್ಯಾನ್ವಾಸ್ ಪಟ್ಟಿ ಇಟ್ಟು ನಿಲ್ಲಿಸುತ್ತೇನೆ, ಆ ಸದ್ದು ಮಾತ್ರ ತರಲಾಗಿಲ್ಲ. ಸೀರೆಗೆ ತೋಳು ಉಬ್ಬಿದ ರವಿಕೆ, ಎತ್ತರದ ತುರುಬು, ಕಣ್ಣಿನ ಕೊನೆಗೆ ಕಾಡಿಗೆಯ ಒಂದೆಳೆ. ಸಾಕು. ನೀವು ಒಳಗೆ ಹೋದ ಐದು ನಿಮಿಷಕ್ಕೆ ಯಾರಾದರೂ ಸೆರಗು ಮುಟ್ಟಿ ‘ಇದು ಒರಿಜಿನಲ್ಲಾ’ ಅಂತ ಕೇಳದಿದ್ದರೆ ನನ್ನನ್ನು ಕೇಳಿ.

ವೆನಿಸ್ಸಿನವರ ಮುಖವಾಡದ ಪಾಠ ನೆನಪಿರಲಿ: ತಿನ್ನಲು, ಕುಡಿಯಲು, ಶೌಚಾಲಯಕ್ಕೆ ಹೋಗಲು ಬಾರದ ವೇಷ ಒಂದು ಗಂಟೆಗೇ ಶಿಕ್ಷೆಯಾಗುತ್ತದೆ. ಡೈನೋಸಾರ್ ವೇಷ ಒಯ್ದವರೆಲ್ಲ ನನಗೆ ಅದನ್ನು ಬೆವರಿನಲ್ಲಿ ಅದ್ದಿಯೇ ವಾಪಸ್ ಕೊಟ್ಟಿದ್ದಾರೆ. ಮುಂದೆ ಎಂದಾದರೂ ನಿಯಾನ್ ನೈಟ್ ಅಂತ ಕರೆದರೆ ಯಜಮಾನರನ್ನೂ ಕರೆದುಕೊಂಡು ಹೋಗಿ, ಬಿಳಿ ಪಂಚೆ, ಬಿಳಿ ಷರ್ಟಿನಲ್ಲಿ. ಬಟ್ಟೆ ಒಗೆಯುವ ಪುಡಿಯಲ್ಲಿ ಹೊಳಪಿಗೆ ಹಾಕುವ ರಾಸಾಯನಿಕ ಅಲ್ಲಿ ಹಚ್ಚುವ ನೇರಳೆ (ಯು.ವಿ.) ದೀಪದ ಕೆಳಗೆ ನೀಲಿಯಾಗಿ ಉರಿಯುತ್ತದೆ. ಇಡೀ ಪಬ್ಬಿನಲ್ಲಿ ಅವರೇ ಟ್ಯೂಬ್‌ಲೈಟು. ಆಮೇಲೆ ನಗುವ ಸರದಿ ನಿಮ್ಮದು.

ಕೆಲವು ವೇಷ ನಾನು ಯಾರು ಕೇಳಿದರೂ ಕೊಡುವುದಿಲ್ಲ. ದೈವದ ವೇಷ ಅದರಲ್ಲಿ ಮೊದಲನೆಯದು. ಕೆಲವು ವರ್ಷದಿಂದ ಅದನ್ನು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಕರಾವಳಿಯಲ್ಲಿ ಅದು ವೇಷವೇ ಅಲ್ಲ, ಆರಾಧನೆ; ಅದನ್ನು ಕಟ್ಟುವ ಸಮುದಾಯಗಳಿವೆ, ವ್ರತವಿದೆ. ಬಿಯರು ಹಿಡಿದು ಅದರಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ‘ಹಳ್ಳಿ ಥೀಮ್’ ಅಂತ ಮುಖಕ್ಕೆ ಮಸಿ ಬಳಿದುಕೊಂಡು, ಹರಕು ಬನಿಯನ್ ಹಾಕಿಕೊಂಡು ಬರುವುದೂ ಅಷ್ಟೆ. ನಮ್ಮ ಅಪ್ಪಂದಿರು ಪೇಟೆಗೆ ಬರುವಾಗ ಇಸ್ತ್ರಿ ಮಾಡಿದ್ದು ಹಾಕಿಕೊಂಡು ಬರುತ್ತಿದ್ದರು. ಲಂಬಾಣಿ ಉಡುಪಿನ ಮೇಲಿನ ಕಸೂತಿ ತಿಂಗಳುಗಟ್ಟಲೆಯ ಕೈಕೆಲಸ. ಅದರ ಅಗ್ಗದ ನಕಲು ನನ್ನ ಅಂಗಡಿಯಲ್ಲಿಲ್ಲ.

ಪೊಲೀಸ್ ಯೂನಿಫಾರ್ಮ್ ನಾಟಕದವರಿಗೆ, ಶೂಟಿಂಗಿನವರಿಗೆ ಪತ್ರ ತಂದರೆ ಮಾತ್ರ. 2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಇತೇವಾನ್‌ನಲ್ಲಿ ಹ್ಯಾಲೋವೀನಿಗೆ ಸೇರಿದ್ದ ಜನ ಒಂದು ಇಳಿಜಾರಿನ ಓಣಿಯಲ್ಲಿ ಸಿಕ್ಕಿಕೊಂಡು 159 ಮಂದಿ ತೀರಿಕೊಂಡರು. ಕೂಗಿ ಜನರನ್ನು ಚದುರಿಸಲು ನೋಡಿದ ನಿಜವಾದ ಪೊಲೀಸರನ್ನೂ ಕೆಲವರು ವೇಷದವರು ಅಂದುಕೊಂಡರೆಂದು ಅಲ್ಲಿದ್ದವರು ಹೇಳಿದ್ದನ್ನು ಓದಿದ ಮೇಲೆ ಆ ಖಾಕಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ. ನೀವೂ ಒಳಗೆ ಹೋದ ಕೂಡಲೇ ಹೊರಗೆ ಹೋಗುವ ಎರಡನೇ ದಾರಿ ಎಲ್ಲಿದೆ ನೋಡಿಕೊಳ್ಳಿ. ಒಂದೇ ದಾರಿ ಇದ್ದು ಜನ ಗಿಜಿಗುಡುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನೈಲೆಕ್ಸ್ ಸೀರೆಯಲ್ಲಿ ಬೆಂಕಿಯ ಹತ್ತಿರ ಸುಳಿಯಬೇಡಿ. ಬಾರ್‌ನವರು ಬಾಟಲಿಗೆ ಪಟಾಕಿ ಸಿಕ್ಕಿಸಿ ತರುತ್ತಾರಲ್ಲ, ಆಗ ಎರಡು ಹೆಜ್ಜೆ ಹಿಂದೆ. ಆ ಬಟ್ಟೆಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಪಬ್ಬು ರಾತ್ರಿ ಒಂದಕ್ಕೆ ಮುಚ್ಚುತ್ತದೆ, ನೀವು ಹನ್ನೊಂದೂವರೆಗೆ ಹೊರಡಿ. ಹುಡುಗರಿಗೂ ಕೊನೆಯ ಒಂದೂವರೆ ಗಂಟೆ ಮೇಡಂ ಇಲ್ಲದೆ ಬೇಕಾಗಿರುತ್ತದೆ. ಸೀರೆ ಜಾರುವ ಜಾತಿಯದು, ನೆರಿಗೆ ನಿಲ್ಲುವುದಿಲ್ಲ. ಪರ್ಸಿನಲ್ಲಿ ಹತ್ತು ಸೇಫ್ಟಿ ಪಿನ್ ಇಟ್ಟುಕೊಳ್ಳಿ. ನಾಲ್ಕು ನಿಮಗೆ ಬೇಕು, ಉಳಿದ ಆರನ್ನು ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ.